ಪ್ಯಾನಿಕ್ ಅಟ್ಯಾಕ್ ಇರುವ ತಂಗಿಗೆ ಜೊತೆಯಾಗಿರಲು ಯಾವ ಜಾತಿ ನಾಯಿ ಒಳ್ಳೆಯದು? ಚಿಕ್ಕಬಳ್ಳಾಪುರ, ಬಾಡಿಗೆ ಮನೆ, ಮೊದಲ ಮಹಡಿ

ವಾಪಸಂದ್ರ_ಹುಡುಗ

ಎಲ್ಲರಿಗೂ ನಮಸ್ಕಾರ. ನನ್ನ ತಂಗಿಗೆ ಇಪ್ಪತ್ತಮೂರು ವರ್ಷ. ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಳು. ಪ್ಯಾನಿಕ್ ಅಟ್ಯಾಕ್ ಶುರುವಾದ ಮೇಲೆ ಬಿಟ್ಟು ಊರಿಗೆ ಬಂದಿದ್ದಾಳೆ. ಮಾತ್ರೆ, ಕೌನ್ಸೆಲಿಂಗ್ ಎರಡೂ ನಡೆಯುತ್ತಿದೆ, ಮೊದಲಿಗಿಂತ ಪರವಾಗಿಲ್ಲ. ಆದರೆ ಹಗಲೆಲ್ಲ ರೂಮು ಬಿಟ್ಟು ಹೊರಗೆ ಬರುವುದಿಲ್ಲ. ಡಾಕ್ಟರೇ ಈ ಸಲ, 'ಮನೆಯಲ್ಲಿ ನಾಯಿ ಇಟ್ಟುಕೊಳ್ಳುವ ಅನುಕೂಲ ಇದ್ದರೆ ಯೋಚನೆ ಮಾಡಿ' ಅಂದರು. ಅವಳಿಗೂ ಇಷ್ಟ ಇದೆ.

ಮನೆ ಪರಿಸ್ಥಿತಿ ಹೇಳಿಬಿಡುತ್ತೇನೆ. ಎರಡು ರೂಮಿನ ಬಾಡಿಗೆ ಮನೆ, ಮೊದಲ ಮಹಡಿ, ಕೆಳಗೆ ಓನರ್. ನಾನು ಬೆಳಿಗ್ಗೆ ಏಳಕ್ಕೆ ಬೆಂಗಳೂರು ಬಸ್ ಹತ್ತಿದರೆ ಬರುವುದು ರಾತ್ರಿ. ಅಮ್ಮನಿಗೆ ನಾಯಿ ಅಂದರೆ ಭಯ, ಅದರ ಮೇಲೆ ದೇವರ ಮನೆ, ಅಡುಗೆ ಮನೆ ಮಡಿ ಬೇರೆ. ಇಂಟರ್‌ನೆಟ್‌ನಲ್ಲಿ ನೋಡಿದರೆ ಗೋಲ್ಡನ್ ರಿಟ್ರೀವರ್, ಕ್ಯಾವಲಿಯರ್ ಕಿಂಗ್ ಚಾರ್ಲ್ಸ್, ಪೂಡಲ್ ಅಂತ ಪಟ್ಟಿ ಕೊಡುತ್ತಾರೆ. ನಮ್ಮೂರಿಗೆ ಯಾವುದು ಹೊಂದುತ್ತದೆ ಹೇಳಿ.

ಶಿಡ್ಲಘಟ್ಟ_ಗೂಡು

ಕಣ್ಣು ಮುಚ್ಚಿಕೊಂಡು ಲ್ಯಾಬ್ರಡಾರ್ ತನ್ನಿ. ಕಣ್ಣು ಕಾಣದವರಿಗೆ ದಾರಿ ತೋರಿಸುವ ನಾಯಿಗಳನ್ನು ತಯಾರು ಮಾಡುವ ಶಾಲೆಗಳು ಎಲ್ಲ ದೇಶದಲ್ಲೂ ಹೆಚ್ಚಾಗಿ ಲ್ಯಾಬ್, ಗೋಲ್ಡನ್, ಇಲ್ಲವೇ ಇವೆರಡರ ಮಿಶ್ರ ತಳಿಯನ್ನೇ ಆರಿಸುವುದು. ಹೇಳಿಕೊಟ್ಟದ್ದು ಬೇಗ ಕಲಿಯುತ್ತದೆ, ಜನ ಅಂದರೆ ಪ್ರಾಣ. ನಮ್ಮ ಮನೆಯಲ್ಲಿ ರೇಷ್ಮೆ ಗೂಡು ಬಿಡಿಸುವ ದಿನ ಕೂಲಿಯವರು, ಪಕ್ಕದ ಮನೆಯವರು ಎಲ್ಲ ಸೇರಿ ಸಂತೆ ಆಗಿರುತ್ತದೆ. ನಮ್ಮ ಲ್ಯಾಬ್ ಚಂದ್ರಿಕೆ (ಹುಳ ಗೂಡು ಕಟ್ಟುವ ತಟ್ಟೆ) ಪಕ್ಕ ಮಲಗಿದ್ದು, ಯಾರಾದರೂ ಸ್ವಲ್ಪ ಸಪ್ಪಗೆ ಕೂತಿದ್ದರೆ ಹೋಗಿ ಅವರ ಕಾಲಿಗೆ ಪೂರಾ ಮೈ ಆನಿಸಿ ನಿಲ್ಲುತ್ತದೆ. ಆ ಭಾರಕ್ಕೇ ಒಂದು ಸಮಾಧಾನ ಇದೆ. ಅನುಭವಿಸಿದವರಿಗೇ ಗೊತ್ತು.

ಗೌರಿಬಿದನೂರು_ಬಿಸಿಲು

ಭಾರ ಅಂದಿರಲ್ಲ, ಅದೇ ನನ್ನ ಪ್ರಶ್ನೆ. ಬೆಳೆದ ಲ್ಯಾಬ್ 25ರಿಂದ 36 ಕಿಲೋ ತೂಗುತ್ತದೆ. ವಯಸ್ಸಾದ ಮೇಲೆ ಸೊಂಟದ ಕೀಲು ನೋವು ಈ ತಳಿಗೆ ಸಾಮಾನ್ಯ. ಮೊದಲ ಮಹಡಿಗೆ ದಿನಾ ಮೂರ್ನಾಲ್ಕು ಸಲ ಹತ್ತಿ ಇಳಿಸಬೇಕು. ಅಣ್ಣ ಬೆಂಗಳೂರಲ್ಲಿ, ಅಮ್ಮನಿಗೆ ಭಯ. ಎತ್ತಿಕೊಂಡು ಇಳಿಯುವವರು ಯಾರು?

ಇನ್ನೊಂದು, ಲ್ಯಾಬ್‌ಗೆ ಹೊಟ್ಟೆ ತುಂಬಿತು ಅನ್ನುವುದೇ ಗೊತ್ತಾಗುವುದಿಲ್ಲ. ಸುಮ್ನೆ ಹೇಳುತ್ತಿಲ್ಲ. ಹಸಿವಿನ ಸಂದೇಶಕ್ಕೆ ಸಂಬಂಧಿಸಿದ ಒಂದು ಜೀನ್ ಸುಮಾರು ಕಾಲು ಭಾಗ ಲ್ಯಾಬ್‌ಗಳಲ್ಲಿ ತುಂಡಾಗಿರುತ್ತದೆ ಅಂತ 2016ರಲ್ಲಿ ಕೇಂಬ್ರಿಡ್ಜ್‌ನವರು ಕಂಡುಹಿಡಿದರು. ಮನೆಯಲ್ಲಿ ಎಲ್ಲರೂ ಪಾಪ ಅಂತ ಒಂದೊಂದು ತುತ್ತು ಹಾಕಿದರೆ ವರ್ಷದೊಳಗೆ ಹಂಡೆ ಆಗಿಬಿಡುತ್ತದೆ.

ಗೋಲ್ಡನ್ ಬಗ್ಗೆ ಕೇಳಲೇಬೇಡಿ. ಸ್ವಭಾವ ಬಂಗಾರ, ಎರಡು ಮಾತಿಲ್ಲ. ಅದು ಸ್ಕಾಟ್ಲೆಂಡಿನ ಚಳಿಗೆ ಹುಟ್ಟಿದ ತಳಿ, ಒಳಗೊಂದು ಹೊರಗೊಂದು ಎರಡು ಪದರ ಕೂದಲು. ನಮ್ಮ ಗೌರಿಬಿದನೂರಿನ ಏಪ್ರಿಲ್‌ನಲ್ಲಿ ನಮ್ಮ ಚಿಕ್ಕಪ್ಪನ ಮನೆ ಗೋಲ್ಡನ್ ಬಚ್ಚಲು ಮನೆ ಬಿಟ್ಟು ಏಳುತ್ತಲೇ ಇರಲಿಲ್ಲ. ದಿನಾ ಬಾಚಬೇಕು. ಬಾಚಿದರೂ ಸಾರಿನ ಮೇಲೆ ಒಂದು ಕೂದಲು ತೇಲುತ್ತಿರುತ್ತದೆ. ನಿಮ್ಮ ಅಮ್ಮನ ಮಡಿಗೆ ಇದು ಆಗುವ ಮಾತಲ್ಲ.

ಚಿಂತಾಮಣಿ_ಅಕ್ಕ

ತಮ್ಮಾ, ನಾನೂ ನಿನ್ನ ತಂಗಿ ಕಂಡದ್ದನ್ನು ಕಂಡವಳು, ಅದಕ್ಕೆ ಬರೆಯುತ್ತಿದ್ದೇನೆ. ನನಗೆ ರಾತ್ರಿ ಎದೆ ಹೊಡೆದುಕೊಳ್ಳಲು ಶುರುವಾದರೆ ಸತ್ತೇ ಹೋಗುತ್ತೇನೆ ಅನ್ನಿಸುತ್ತಿತ್ತು. ನಮ್ಮ ನಾಯಿ ಏನು ದೊಡ್ಡ ವಿದ್ಯೆ ಮಾಡಲಿಲ್ಲ. ಪಕ್ಕದಲ್ಲಿ ಮಲಗುತ್ತಿತ್ತು. ನಾನು ಅದರ ಪಕ್ಕೆ ಮೇಲೆ ಕೈ ಇಟ್ಟು ಅದರ ಉಸಿರಿಗೆ ನನ್ನ ಉಸಿರು ಸೇರಿಸುತ್ತಿದ್ದೆ. ಕೌನ್ಸೆಲರ್ ಹೇಳಿಕೊಟ್ಟ ಉಸಿರಾಟವನ್ನೇ ನಾಯಿಯ ಜೊತೆ ಮಾಡಿದೆ, ಅಷ್ಟೇ.

ಅದಕ್ಕಿಂತ ಜಾಸ್ತಿ ಸಹಾಯ ಆದದ್ದು ಬೆಳಿಗ್ಗೆ. ಆರು ಗಂಟೆಗೆ ಮೂಗು ತಂದು ಮುಖಕ್ಕೆ ಒತ್ತಿದರೆ ಏಳದೆ ವಿಧಿಯಿಲ್ಲ. ನನಗೋಸ್ಕರ ನಾನು ಏಳುತ್ತಿರಲಿಲ್ಲ, ಅದಕ್ಕೋಸ್ಕರ ಎದ್ದೆ. ರಸ್ತೆಯಲ್ಲಿ ನಡೆದರೆ ಹಾಲು ಹಾಕುವವರು, ಹೂ ಕಟ್ಟುವವರು ನಾಯಿಯನ್ನು ಮಾತಾಡಿಸುತ್ತಾರೆ, ನಾನು ಉತ್ತರ ಕೊಡಬೇಕಲ್ಲ. ಜನರ ಜೊತೆ ಮಾತು ಹಾಗೆ ವಾಪಸ್ ಬಂತು.

ಅದಕ್ಕೆ ತಳಿ ಕೇಳುವ ಮೊದಲು ಇದು ಕೇಳು. ಅವಳೇ ನಾಯಿಯನ್ನು ಹೊರಗೆ ಕರೆದುಕೊಂಡು ಹೋಗಲು ಒಪ್ಪುತ್ತಾಳಾ? ಹಗ್ಗ ಎಳೆಯುವ ದೊಡ್ಡ ನಾಯಿ ಆದರೆ ಎರಡನೇ ದಿನಕ್ಕೇ ಭಯ ಬಿದ್ದು ಬಿಡುತ್ತಾಳೆ.

ಪಗ್_ಪ್ರೇಮಿ

ಪಗ್! ಚಿಕ್ಕದು, ಮಡಿಲಲ್ಲಿ ಮಲಗುತ್ತದೆ, ಬೊಗಳುವುದು ಕಡಿಮೆ, ಬಾಡಿಗೆ ಮನೆಗೆ ಹೇಳಿ ಮಾಡಿಸಿದ್ದು.

ಪಶುಶಾಲೆ_ಕಾಂಪೌಂಡ್

ಪಗ್ ಸ್ವಭಾವ ನಿಜವಾಗಿಯೂ ಒಳ್ಳೆಯದು, ಒಪ್ಪುತ್ತೇನೆ. ಆದರೆ ಚಪ್ಪಟೆ ಮೂತಿ. ನಾಯಿಗೆ ಮೈ ತಣ್ಣಗಾಗುವುದೇ ನಾಲಿಗೆ ಹೊರಗೆ ಹಾಕಿ ತೇಕುವುದರಿಂದ. ಪಗ್‌ನ ಮೂಗು, ಗಂಟಲು ಎರಡೂ ಇಕ್ಕಟ್ಟು. ಬಿಸಿಲಲ್ಲಿ ಸ್ವಲ್ಪ ಓಡಿದರೂ ಉಸಿರು ಸಿಕ್ಕಿಹಾಕಿಕೊಳ್ಳುತ್ತದೆ. ಉಸಿರಿಗೆ ಹೆದರುವ ಹುಡುಗಿಯ ಪಕ್ಕದಲ್ಲಿ ಇಡೀ ರಾತ್ರಿ ಗೊರಗೊರ ಅಂತ ಉಸಿರಾಡುವ ನಾಯಿಯನ್ನು ಮಲಗಿಸಬೇಕಾ, ನೀವೇ ಹೇಳಿ.

ಕ್ಯಾವಲಿಯರ್ ಕೂಡ ಪಟ್ಟಿಯಲ್ಲಿ ಚೆನ್ನಾಗಿ ಕಾಣುತ್ತದೆ. ಅದು ಹೃದಯದ ಕವಾಟದ ಕಾಯಿಲೆಗೆ ಹೆಸರಾದ ತಳಿ. ನಮ್ಮ ಕಡೆ ಸಿಗುವುದೂ ಕಷ್ಟ. ಪೂಡಲ್ ಬುದ್ಧಿವಂತ ನಾಯಿ, ಕೂದಲು ಉದುರುವುದು ಬಹಳ ಕಡಿಮೆ. ಆದರೆ ಕೂದಲು ಬೆಳೆಯುತ್ತಲೇ ಇರುತ್ತದೆ, ಆಗಾಗ ಕತ್ತರಿಸಲೇಬೇಕು. ಕತ್ತರಿಸುವವರಿಗಾಗಿ ಪ್ರತಿ ಸಲ ಬೆಂಗಳೂರಿಗೆ ಹೋಗಲು ತಯಾರಿದ್ದರೆ ಸರಿ. ಹಸ್ಕಿ ಅಂತ ಯಾರಾದರೂ ಬರೆಯುವ ಮೊದಲೇ ಹೇಳುತ್ತೇನೆ, ಅದು ಹಿಮದ ನಾಡಿನ ನಾಯಿ, ಬೇಡ.

ನಾನು ನಾಯಿ ಆಸ್ಪತ್ರೆಯಲ್ಲಿ ಸಹಾಯಕನಾಗಿರುವವನು. ನನ್ನ ಸಲಹೆ ತಳಿ ಬಗ್ಗೆ ಅಲ್ಲ, ವಯಸ್ಸಿನ ಬಗ್ಗೆ. ಮರಿ ತರಬೇಡಿ. ಮರಿ ರಾತ್ರಿ ಎಲ್ಲ ಅಳುತ್ತದೆ, ಚಪ್ಪಲಿ ಕಡಿಯುತ್ತದೆ, ಎಲ್ಲೆಂದರಲ್ಲಿ ಉಚ್ಚೆ ಮಾಡುತ್ತದೆ. ನಿದ್ದೆ ಕೆಟ್ಟರೆ ಪ್ಯಾನಿಕ್ ಜಾಸ್ತಿ ಆಗುವವರಿಗೆ ಅದು ಶಿಕ್ಷೆ. ಲಸಿಕೆ ಆರರಿಂದ ಎಂಟನೇ ವಾರಕ್ಕೆ ಶುರು, ಮೂರ್ನಾಲ್ಕು ವಾರಕ್ಕೊಮ್ಮೆ ಮತ್ತೆ ಮತ್ತೆ. ಮೂರು ತಿಂಗಳಿಗೆ ರೇಬೀಸ್. ಅದು ಮುಗಿಯುವವರೆಗೆ ಪಾರ್ವೋ ಅನ್ನುವ ವಾಂತಿ ಭೇದಿ ರೋಗದ ಭಯಕ್ಕೆ ರಸ್ತೆಗೆ ಇಳಿಸುವ ಹಾಗಿಲ್ಲ. ಅಂದರೆ ತಂಗಿ ಹೊರಗೆ ಬರಲಿ ಅಂತ ನಾಯಿ ತಂದು, ನಾಯಿಯನ್ನೂ ಒಳಗೇ ಇಟ್ಟ ಹಾಗಾಯಿತು. ಪಾರ್ವೋ ಬಂದು ಮರಿ ಸತ್ತರಂತೂ ಅವಳ ಗತಿ ಯೋಚನೆ ಮಾಡಿ.

ಎರಡರಿಂದ ಐದು ವರ್ಷದ ನಾಯಿ ನೋಡಿ. ಅಷ್ಟು ಹೊತ್ತಿಗೆ ಅದರ ಗುಣ ಏನು ಅಂತ ಕಣ್ಣಿಗೆ ಕಾಣುತ್ತದೆ.

ತುಮಕೂರು_ರೈಡರ್

ಕನ್ನಡದವರೆಲ್ಲ ಸೇರಿ ಸ್ಕಾಟ್ಲೆಂಡ್, ಇಂಗ್ಲೆಂಡ್ ಸುತ್ತಿದಿರಿ. ನಮ್ಮ ಮುಧೋಳ ನಾಯಿ ಯಾರಿಗೂ ನೆನಪಾಗಲಿಲ್ಲವಾ? 2005ರಲ್ಲಿ ಅಂಚೆ ಚೀಟಿ ಬಂತು, 2020ರಲ್ಲಿ ಪ್ರಧಾನಿ ರೇಡಿಯೋದಲ್ಲಿ ಹೊಗಳಿದರು, ಸೈನ್ಯದವರೂ ಕರೆದುಕೊಂಡು ಹೋದರು. ಕೂದಲು ಚಿಕ್ಕದು, ಬಿಸಿಲಿಗೆ ಜಗ್ಗುವುದಿಲ್ಲ.

ಕೋಲಾರ_ಮೇಷ್ಟ್ರು

ರೈಡರ್ ಅವರೇ, ಅಭಿಮಾನ ಒಪ್ಪಿದೆ. ಮುಧೋಳ ಕಣ್ಣಿಗೆ ಕಂಡದ್ದನ್ನು ಅಟ್ಟಿಸಿಕೊಂಡು ಹೋಗುವ ಬೇಟೆ ನಾಯಿ. ದಿನಾ ಬಯಲಲ್ಲಿ ಓಡಿಸಬೇಕು. ಮನೆಯವರ ಮೇಲೆ ಪ್ರೀತಿ ಇದ್ದರೂ ಮೈಮೇಲೆ ಬಿದ್ದು ಮುದ್ದು ಮಾಡಿಸಿಕೊಳ್ಳುವುದು ಕಡಿಮೆ, ಹೊಸಬರನ್ನು ಹತ್ತಿರ ಸೇರಿಸುವುದಿಲ್ಲ. ತೋಟದ ಮನೆಗೆ ಸೊಗಸು. ಎರಡು ರೂಮಿನ ಮನೆಯಲ್ಲಿ ಇಟ್ಟರೆ ನಾಯಿಗೇ ಕೌನ್ಸೆಲಿಂಗ್ ಬೇಕಾಗುತ್ತದೆ. ಮುಧೋಳದ ಹತ್ತಿರ ತಿಮ್ಮಾಪುರದಲ್ಲಿ ಪಶುವೈದ್ಯ ವಿಶ್ವವಿದ್ಯಾಲಯದವರ ಶ್ವಾನ ಕೇಂದ್ರ ಇದೆ, ಆಸೆ ಇದ್ದವರು ಅಲ್ಲಿ ವಿಚಾರಿಸಿ.

ನಮ್ಮೂರ ಕಡೆ ಎಲ್ಲರ ಮನೆಯಲ್ಲೂ ಇರುವ ಬಿಳಿ ಪೊಮೇರಿಯನ್ ಬಗ್ಗೆಯೂ ಒಂದು ಮಾತು. ಚಿಕ್ಕದು, ಚುರುಕು, ಮನೆಯವರಿಗೆ ಅಂಟಿಕೊಂಡಿರುತ್ತದೆ. ಆದರೆ ಗೇಟು ಕಿರ್ ಅಂದರೂ ಬೊಗಳುತ್ತದೆ. ಸದ್ದಿಗೆ ಬೆಚ್ಚಿ ಬೀಳುವವರಿಗೆ ಒಳ್ಳೆಯದಲ್ಲ. ಕೆಳಗೆ ಓನರ್ ಬೇರೆ ಇದ್ದಾರೆ.

ಚಿಂತಾಮಣಿ_ಅಕ್ಕ

ಮೇಷ್ಟ್ರೇ, ನಮ್ಮದು ಪೊಮೇರಿಯನ್ನೇ :) ಬೊಗಳುತ್ತದೆ, ನಿಜ. ಒಂದು ಸಲ 'ಸಾಕು' ಅಂದರೆ ನಿಲ್ಲಿಸುತ್ತದೆ, ಅದನ್ನು ಕಲಿಸಿದ್ದೇವೆ. ಒಂದೇ ಜಾತಿಯ ಎಲ್ಲ ನಾಯಿಯೂ ಒಂದೇ ಥರ ಇರುವುದಿಲ್ಲ ಅಲ್ವಾ.

ಮಂಚೇನಹಳ್ಳಿ_ಸುಬ್ಬ

ನಾಟಿ ನಾಯಿ ಅಂತ ಒಬ್ಬರೂ ಬರೆಯಲಿಲ್ಲ. ನಮ್ಮ ಬೀದಿಯಲ್ಲೇ ಇರುವ ನಾಯಿ. 15ರಿಂದ 20 ಕಿಲೋ ಆಸುಪಾಸು, ಚಿಕ್ಕ ಕೂದಲು, ನಮ್ಮ ಹವೆಗೆ ಹುಟ್ಟಿದ್ದು. ಇಷ್ಟೆಲ್ಲ ಕಾಯಿಲೆ ಪಟ್ಟಿ ಇಲ್ಲ. ದುಡ್ಡು ಕೊಡಬೇಕಾಗಿಲ್ಲ. ಸಾವಿರಾರು ರೂಪಾಯಿ ಕೊಟ್ಟು ತಂದ ಮರಿ ವಾರದೊಳಗೆ ಕಾಯಿಲೆ ಬಿದ್ದು, ಮಾರಿದವನು ಫೋನ್ ಎತ್ತದೆ ಹೋದದ್ದನ್ನು ನಮ್ಮ ಮನೆಯಲ್ಲೇ ನೋಡಿದ್ದೇವೆ. 2017ರ ನಿಯಮದ ಪ್ರಕಾರ ಎಂಟು ವಾರ ತುಂಬದ ಮರಿ ಮಾರುವ ಹಾಗಿಲ್ಲ, ನಾಯಿ ತಳಿ ಮಾಡುವವರು ರಾಜ್ಯದ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಮಾಡಿಸಿರಬೇಕು. ಕೇಳಿ ನೋಡಿ, ನಂಬರ್ ತೋರಿಸುವವರು ಎಷ್ಟು ಜನ ಸಿಗುತ್ತಾರೆ ಅಂತ.

ಪಶುಶಾಲೆ_ಕಾಂಪೌಂಡ್

ನಾಟಿ ನಾಯಿಗೆ ನನ್ನ ಓಟೂ ಇದೆ, ಒಂದು ಎಚ್ಚರಿಕೆ ಜೊತೆ. ಚಿಕ್ಕ ಮರಿಯಿದ್ದಾಗ, ಅಂದರೆ ಸುಮಾರು ಮೂರರಿಂದ ಹದಿನಾಲ್ಕನೇ ವಾರದೊಳಗೆ, ಜನರ ಕೈ ಸೋಕದೆ ಬೆಳೆದ ನಾಯಿ ದೊಡ್ಡದಾದ ಮೇಲೂ ಅಂಜುತ್ತದೆ. ಬೀದಿಯಿಂದ ನೇರ ಹಿಡಿದು ತಂದದ್ದಕ್ಕಿಂತ, ಯಾರಾದರೂ ಮನೆಯಲ್ಲಿ ಕೆಲವು ತಿಂಗಳು ಇಟ್ಟುಕೊಂಡಿರುವ ನಾಟಿ ನಾಯಿ ಒಳ್ಳೆಯದು. ಸಂತಾನಹರಣ ಆಪರೇಷನ್ ಆಗಿದ್ದರೆ ಇನ್ನೂ ಒಳ್ಳೆಯದು. ಔಷಧ ಪ್ರಯೋಗಾಲಯದಿಂದ ಬಿಡಿಸಿದ ಬೀಗಲ್‌ಗಳನ್ನು ಬೆಂಗಳೂರಿನಲ್ಲಿ ದತ್ತು ಕೊಟ್ಟದ್ದುಂಟು. ಪಾಪದ ನಾಯಿಗಳು, ಆದರೆ ಅವೇ ಹೆದರಿರುತ್ತವೆ. ಈ ಮನೆಗೆ ಈಗ ಬೇಡ.

ನೋಡಲು ಹೋದಾಗ ಹೀಗೆ ಮಾಡಿ. ಮೊದಲ ಹತ್ತು ನಿಮಿಷ ತಂಗಿ ನೆಲದ ಮೇಲೆ ಸುಮ್ಮನೆ ಕೂರಲಿ, ಕರೆಯುವುದು ಬೇಡ. ನಾಯಿ ತಾನಾಗಿ ಬಂದು ಮೂಸುತ್ತದಾ ನೋಡಿ. ಆಮೇಲೆ ನೀವು ಸ್ವಲ್ಪ ದೂರದಲ್ಲಿ ಸ್ಟೀಲ್ ತಟ್ಟೆ ಒಂದನ್ನು ನೆಲಕ್ಕೆ ಬೀಳಿಸಿ. ಯಾವ ನಾಯಿಯಾದರೂ ಬೆಚ್ಚುತ್ತದೆ, ಅದು ತಪ್ಪಲ್ಲ. ಬೆಚ್ಚಿದ ಮೇಲೆ ಏನು ಮಾಡುತ್ತದೆ ಅನ್ನುವುದು ಮುಖ್ಯ. ಒಂದು ನಿಮಿಷದೊಳಗೆ ವಾಪಸ್ ಬಂದು ತಟ್ಟೆಯನ್ನು ಮೂಸಿದರೆ ಗಟ್ಟಿ ಮನಸ್ಸಿನ ನಾಯಿ. ಬಾಲ ಮುದುರಿಕೊಂಡು ಮಂಚದ ಕೆಳಗೆ ಸೇರಿ ಬರದೇ ಇದ್ದರೆ, ಅದಕ್ಕೇ ಇನ್ನೊಬ್ಬರ ಧೈರ್ಯ ಬೇಕು. ಕಿವಿ, ಪಾದ ಮುಟ್ಟಿ ನೋಡಿ. ಊಟದ ತಟ್ಟೆ ಹತ್ತಿರ ಹೋದರೆ ಗುರ್ ಅನ್ನುತ್ತದಾ ಅಂತ ಈಗ ಇಟ್ಟುಕೊಂಡಿರುವವರನ್ನೇ ಕೇಳಿ.

ವಾಪಸಂದ್ರ_ಹುಡುಗ

ಎಲ್ಲರಿಗೂ ಥ್ಯಾಂಕ್ಸ್. ತಟ್ಟೆ ಉಪಾಯ ಬರೆದಿಟ್ಟುಕೊಂಡೆ. ಇನ್ನೊಂದು ಅನುಮಾನ. ನಮ್ಮ ಆಫೀಸಿನಲ್ಲಿ ಒಬ್ಬರು, 'ಎಮೋಷನಲ್ ಸಪೋರ್ಟ್ ಅನಿಮಲ್ ಸರ್ಟಿಫಿಕೇಟ್ ಮಾಡಿಸು, ಓನರ್ ಬೇಡ ಅನ್ನುವ ಹಾಗಿಲ್ಲ, ಬಸ್ಸು ರೈಲಲ್ಲೂ ಫ್ರೀ' ಅಂದರು. ಆನ್‌ಲೈನ್‌ನಲ್ಲಿ ದುಡ್ಡು ಕಟ್ಟಿದರೆ ಕಾರ್ಡು ಕೊಡುತ್ತಾರಂತೆ. ನಿಜನಾ?

ಕೋಲಾರ_ಮೇಷ್ಟ್ರು

ಆ ದುಡ್ಡಲ್ಲಿ ನಾಯಿಗೆ ಮೊಟ್ಟೆ ತಂದು ಹಾಕಿ. ಅದು ಅಮೆರಿಕದ ವ್ಯವಸ್ಥೆ. ಅಲ್ಲಿ ಡಾಕ್ಟರ್ ಪತ್ರ ಇದ್ದರೆ ಬಾಡಿಗೆ ಮನೆಯಲ್ಲಿ ಇಂಥ ಪ್ರಾಣಿಗೆ ಅವಕಾಶ ಕೊಡಬೇಕು ಅಂತ ವಸತಿ ಕಾನೂನು ಇದೆ. ವಿಮಾನದಲ್ಲಿ ಅಲ್ಲೂ 2021ರಿಂದ ನಿಂತುಹೋಯಿತು. ಕೆಲಸ ಕಲಿತ ಸೇವಾ ನಾಯಿಗೆ ಮಾತ್ರ ಆ ಹಕ್ಕು. ಜೊತೆಗಿದ್ದು ಸಮಾಧಾನ ಕೊಡುವ ನಾಯಿಗೆ ಯಾವ ತರಬೇತಿಯೂ ಬೇಕಿಲ್ಲ, ಅದಕ್ಕೇ ಅದು ಬೇರೆ ವರ್ಗ. ನಮ್ಮ ದೇಶದ ಕಾನೂನಿನಲ್ಲಿ ಅಂಥ ವರ್ಗವೇ ಇಲ್ಲ. ಕಾರ್ಡಿಗೆ ಬೆಲೆ ಇಲ್ಲ.

ನಮ್ಮಲ್ಲಿ ಇರುವುದು ಇಷ್ಟು. ಅಪಾರ್ಟ್‌ಮೆಂಟ್ ಸಂಘಗಳು ಸಾಕುನಾಯಿ ಬೇಡ ಅಂತ ನಿಯಮ ಮಾಡುವ ಹಾಗಿಲ್ಲ, ಲಿಫ್ಟ್ ಕೊಡುವುದಿಲ್ಲ ಅನ್ನುವ ಹಾಗಿಲ್ಲ ಅಂತ ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲೇ ಹೇಳಿದೆ. ಆದರೆ ಕೆಳಗೆ ಓನರ್ ಇರುವ ಮನೆಯಲ್ಲಿ ಮಂಡಳಿಯ ಸುತ್ತೋಲೆ ತೋರಿಸಿ ಜಗಳಕ್ಕೆ ನಿಂತರೆ ಹನ್ನೊಂದು ತಿಂಗಳ ಕರಾರು ಮುಗಿದ ದಿನ ಮನೆ ಖಾಲಿ. ಮೊದಲೇ ಹೋಗಿ ಮಾತಾಡಿ. ಮೆಟ್ಟಿಲು ನಾವೇ ತೊಳೆಯುತ್ತೇವೆ, ಲಸಿಕೆ ಕಾರ್ಡು ತೋರಿಸುತ್ತೇವೆ ಅನ್ನಿ. ಒಪ್ಪಿದರೆ ಕರಾರಿನಲ್ಲಿ ಒಂದು ಸಾಲು ಬರೆಸಿ. ರೈಲು ಮರೆತುಬಿಡಿ. ನಾಯಿ ಜೊತೆಗೇ ಕೂರಬೇಕಾದರೆ ಫಸ್ಟ್ ಎಸಿಯಲ್ಲಿ ಇಡೀ ಕೂಪೆ, ಅಂದರೆ ಪ್ರತ್ಯೇಕ ಕೋಣೆಯನ್ನೇ ಹಿಡಿಯಬೇಕು. ಇಲ್ಲದಿದ್ದರೆ ಗಾರ್ಡ್ ಡಬ್ಬಿಯ ಪೆಟ್ಟಿಗೆ. ನಮ್ಮ ಪ್ಯಾಸೆಂಜರ್ ಗಾಡಿಯಲ್ಲಿ ಎಸಿ ಎಲ್ಲಿಂದ ಬರಬೇಕು.

ದ್ರಾಕ್ಷಿ_ಚಪ್ಪರ

ಯಾರೂ ಹೇಳದ ವಿಷಯ ಒಂದಿದೆ. ನಮ್ಮ ಜಿಲ್ಲೆಯಲ್ಲಿ ನಾಯಿ ಸಾಕುವವರಿಗೆ ದ್ರಾಕ್ಷಿ ದೊಡ್ಡ ಶತ್ರು. ಸೀಸನ್‌ನಲ್ಲಿ ದಿಲ್‌ಖುಷ್, ಬೆಂಗಳೂರು ಬ್ಲೂ ಬುಟ್ಟಿಗಟ್ಟಲೆ ಮನೆಗೆ ಬರುತ್ತದೆ. ಉದುರು ಹಣ್ಣು ನೆಲದ ಮೇಲೆ ಬಿದ್ದಿರುತ್ತದೆ. ನಾಯಿ ತಿಂದರೆ ಕಿಡ್ನಿ ಹೋಗಬಹುದು. ಒಣ ದ್ರಾಕ್ಷಿಯೂ ಅಷ್ಟೇ, ಪಾಯಸದಲ್ಲಿ ಇರುವುದೂ ಸೇರಿ. ಕೆಲವು ನಾಯಿಗೆ ಏನೂ ಆಗುವುದಿಲ್ಲ, ಕೆಲವಕ್ಕೆ ಸ್ವಲ್ಪ ತಿಂದರೂ ವಾಂತಿ ಶುರು. ಯಾವ ನಾಯಿಗೆ ಏನಾಗುತ್ತದೆ ಅಂತ ಮುಂಚೆ ಹೇಳಲಾಗದು. ನಮ್ಮ ತೋಟದ ನಾಯಿಗೆ ಹೀಗಾದಾಗ ಕಾಯದೆ ಡಾಕ್ಟರ ಹತ್ತಿರ ಹೊತ್ತುಕೊಂಡು ಹೋದೆವು, ಡ್ರಿಪ್ ಹಾಕಿ ಉಳಿಸಿದರು.

ದ್ರಾಕ್ಷಿಯಲ್ಲಿರುವ ಟಾರ್ಟಾರಿಕ್ ಆಮ್ಲವೇ ಇದಕ್ಕೆ ಕಾರಣ ಅಂತ ಈಗ ಪಶುವೈದ್ಯರ ಅನುಮಾನ. ಅದು ಹುಣಸೆಹಣ್ಣಲ್ಲೂ ಇದೆ. ನಮ್ಮ ಮನೆಗಳಲ್ಲಿ ಉಳಿದ ಹುಳಿ, ಸಾರು ಕಲಸಿ ನಾಯಿಗೆ ಹಾಕುವುದು ರೂಢಿ. ಅದರಲ್ಲಿ ಈರುಳ್ಳಿ ಬೇರೆ ಇರುತ್ತದೆ, ಅದು ರಕ್ತಕ್ಕೆ ಕೆಟ್ಟದ್ದು. ರಾಗಿ ಮುದ್ದೆ, ಮೊಸರನ್ನ ಹಾಕಿ, ಜೊತೆಗೆ ಬೇಯಿಸಿದ ಮೊಟ್ಟೆಯೋ ಕೋಳಿಯೋ ಇರಲಿ. ಸಾರು ಮಾತ್ರ ಬೇಡ.

ಶಿಡ್ಲಘಟ್ಟ_ಗೂಡು

ಒಳ್ಳೆ ಮಾತು. ನಾನೂ ಒಂದು ಸೇರಿಸುತ್ತೇನೆ, ರೇಷ್ಮೆ ಮನೆಯವರಿಗೆ. ನಾಯಿಯ ರಕ್ತ ಹೀರುವ ಉಣ್ಣೆಗೆ ಹಾಕುವ ಸ್ಪ್ರೇ, ಡ್ರಾಪ್ಸ್ ಎಲ್ಲ ಕೀಟನಾಶಕ. ಹಾಕಿದ ನಾಯಿ ಹುಳದ ಮನೆಗೆ ಬಂದರೆ, ಇಲ್ಲ ನೀವೇ ಆ ಕೈಯಲ್ಲಿ ಸೊಪ್ಪು ಮುಟ್ಟಿದರೆ ಹುಳ ಉಳಿಯುವುದಿಲ್ಲ. ಉಣ್ಣೆಗೆ ಹೊಟ್ಟೆಗೆ ಕೊಡುವ ಮಾತ್ರೆ ಸಿಗುತ್ತದೆ, ಡಾಕ್ಟರನ್ನು ಕೇಳಿ.

ನೇರ_ಮಾತು

ಬೇಜಾರು ಮಾಡಿಕೊಳ್ಳಬೇಡಿ. ನಾಯಿ ಹತ್ತು ಹನ್ನೆರಡು ವರ್ಷ ಬದುಕುತ್ತದೆ. ನಾಳೆ ತಂಗಿ ಮದುವೆ ಆಗಿ ಹೋದರೆ ನಾಯಿ ಯಾರ ಪಾಲಿಗೆ? ಹುಷಾರಾಗಿ ಮತ್ತೆ ಬೆಂಗಳೂರಲ್ಲಿ ಪಿಜಿ ಸೇರಿದರೆ?

ಚಿಂತಾಮಣಿ_ಅಕ್ಕ

ಪ್ರಶ್ನೆ ಸರಿ, ಕೇಳಿದ ಧಾಟಿ ಸರಿಯಿಲ್ಲ. ನಾನು ಮದುವೆ ಮಾತುಕತೆಯಲ್ಲೇ ಹೇಳಿದೆ, ನಾಯಿಯೂ ಬರುತ್ತದೆ ಅಂತ. ಒಬ್ಬರು ಎದ್ದು ಹೋದರು. ಇನ್ನೊಬ್ಬರು ಒಪ್ಪಿದರು, ಈಗ ಅವರ ಮಂಚದ ಮೇಲೆಯೇ ಮಲಗುತ್ತದೆ. ಪಿಜಿ ಪ್ರಶ್ನೆಗೆ ಉತ್ತರ ಅಣ್ಣ ಕೊಡಬೇಕು. ಅವಳು ಹೋದರೆ ನಾಯಿ ನನ್ನದು ಅಂತ ಅವನು ಈಗಲೇ ಒಪ್ಪಿಕೊಂಡಿರಬೇಕು. ಅಮ್ಮನ ತಲೆಗೆ ಕಟ್ಟುವ ಹಾಗಿಲ್ಲ.

ಇನ್ನೊಂದು ಮಾತು, ತಮ್ಮಾ. ನಾಯಿ ಬಂತು ಅಂತ ಮಾತ್ರೆ ನಿಲ್ಲಿಸಲು ಬಿಡಬೇಡ. ರಾತ್ರಿ ಹೊತ್ತು ತುಂಬಾ ಕಷ್ಟ ಆದರೆ ಟೆಲಿ ಮಾನಸ್ 14416 ಇದೆ, ಸರ್ಕಾರದ್ದು, ಪುಕ್ಕಟೆ, ಕನ್ನಡದಲ್ಲೇ ಮಾತಾಡುತ್ತಾರೆ. ಗೋಡೆ ಮೇಲೆ ಬರೆದು ಅಂಟಿಸು.

ವಾಪಸಂದ್ರ_ಹುಡುಗ

ಎಲ್ಲರಿಗೂ ಅಪ್‌ಡೇಟ್. ಓನರ್ ಹತ್ತಿರ ಮಾತಾಡಿದೆ. 'ಕಚ್ಚುವುದಿಲ್ಲ ತಾನೇ' ಅಂತ ಕೇಳಿ, ಮೆಟ್ಟಿಲ ಷರತ್ತು ಹಾಕಿ ಒಪ್ಪಿದರು. ಕರಾರಿಗೆ ಸಾಲು ಸೇರಿಸಿದ್ದಾಯಿತು. ನಾಯಿಯ ಪೂರಾ ಜವಾಬ್ದಾರಿ ನನ್ನದು ಅಂತ ಮನೆಯಲ್ಲೂ ಹೇಳಿದ್ದೇನೆ.

ಎರಡು ನಾಯಿ ನೋಡಿದೆವು. ಒಂದು ನಾಲ್ಕು ವರ್ಷದ ಲ್ಯಾಬ್, ಸಾಕಿದವರು ಬೇರೆ ದೇಶಕ್ಕೆ ಹೋಗುತ್ತಿದ್ದಾರೆ. ಇನ್ನೊಂದು ದೊಡ್ಡಬಳ್ಳಾಪುರದ ಹತ್ತಿರ ಒಬ್ಬರು ಮನೆಯಲ್ಲಿಟ್ಟು ಆರೈಕೆ ಮಾಡುತ್ತಿರುವ ನಾಟಿ ಹೆಣ್ಣು ನಾಯಿ, ಸುಮಾರು ಮೂರು ವರ್ಷ, ಆಪರೇಷನ್ ಆಗಿದೆ. ನಾನು ಲ್ಯಾಬ್ ಅಂತಲೇ ಅಂದುಕೊಂಡಿದ್ದೆ. ತಟ್ಟೆ ಬೀಳಿಸಿದರೆ ಲ್ಯಾಬ್ ಸೋಫಾ ಹಿಂದೆ ಸೇರಿದ್ದು ಬರಲೇ ಇಲ್ಲ, ಕೊನೆಗೆ ಬಿಸ್ಕೆಟ್ ತೋರಿಸಿ ಕರೆಯಬೇಕಾಯಿತು. ನಾಟಿ ನಾಯಿ ಒಂದು ಹೆಜ್ಜೆ ಹಿಂದೆ ಹಾರಿ, ಮತ್ತೆ ಬಂದು ತಟ್ಟೆ ನೆಕ್ಕಿ, ತಂಗಿಯ ಪಕ್ಕದಲ್ಲಿ ಮಲಗಿತು. ಅದರ ಹೆಸರು ಆಗಲೇ ಕೆಂಚಿ ಅಂತ ಇಟ್ಟಾಗಿದೆ, ನಾವು ಬದಲಾಯಿಸುವುದಿಲ್ಲ.

ಎರಡು ವಾರ ನಮ್ಮ ಮನೆಯಲ್ಲಿಟ್ಟು ನೋಡಿ, ಹೊಂದದಿದ್ದರೆ ವಾಪಸ್ ಕೊಡಿ ಅಂದಿದ್ದಾರೆ. ಅಮ್ಮನ ಷರತ್ತು, ಅಡುಗೆ ಮನೆಗೂ ದೇವರ ಮನೆಗೂ ಅಡ್ಡ ಹಲಗೆ. ಬಡಗಿಯವರಿಗೆ ಹೇಳಿದ್ದೇನೆ. ಭಾನುವಾರ ಕರೆತರುತ್ತೇವೆ. ಕಾಂಪೌಂಡ್ ಸರ್, ಬಂದ ದಿನ ಏನೇನು ನೋಡಿಕೊಳ್ಳಬೇಕು?

ತುಮಕೂರು_ರೈಡರ್

ಮುಧೋಳ ಬೇಡ ಅಂದಿರಿ, ನಾಟಿಗೆ ಒಪ್ಪಿದಿರಿ. ಅರ್ಧ ಗೆದ್ದೆ ಅಂದುಕೊಳ್ಳುತ್ತೇನೆ.

ಪಶುಶಾಲೆ_ಕಾಂಪೌಂಡ್

ಮೊದಲು ರಕ್ತ ಪರೀಕ್ಷೆ ಮಾಡಿಸಿ. ನಮ್ಮ ಕಡೆ ಉಣ್ಣೆ ಜ್ವರ ಯಾವ ಜಾತಿಯ ನಾಯಿಯನ್ನೂ ಬಿಡುವುದಿಲ್ಲ, ನಾಟಿ ನಾಯಿಗೂ ಬರುತ್ತದೆ. ಊಟ ಬಿಟ್ಟರೆ, ಒಸಡು ಬಿಳಿಚಿಕೊಂಡರೆ, ಮೂಗಲ್ಲಿ ರಕ್ತ ಬಂದರೆ ಅವತ್ತೇ ತೋರಿಸಿ. ಹಳೆ ಲಸಿಕೆ ಕಾರ್ಡು ಕೇಳಿ ಇಸಿದುಕೊಳ್ಳಿ. ರೇಬೀಸ್ ತಾರೀಖು ನೋಡಿ, ವರ್ಷ ದಾಟಿದ್ದರೆ ಮತ್ತೆ ಹಾಕಿಸಿ.

ಬಂದ ದಿನ ನೆಂಟರನ್ನೆಲ್ಲ ಕರೆದು ತೋರಿಸಬೇಡಿ. ಮಲಗಲು ಒಂದು ಮೂಲೆ ಕೊಟ್ಟು ಬಿಟ್ಟುಬಿಡಿ. ಊಟ ತಂಗಿಯ ಕೈಯಿಂದಲೇ ಆಗಲಿ. ಮೊದಲ ಕೆಲವು ದಿನ ಮೆತ್ತಗಿರುತ್ತದೆ, ನಿಜವಾದ ಗುಣ ಎರಡು ಮೂರು ವಾರಕ್ಕೆ ಗೊತ್ತಾಗುತ್ತದೆ. ಅದಕ್ಕೇ ಎರಡು ವಾರ ಸಾಲದು, ಒಂದು ತಿಂಗಳು ಕೇಳಿ.

ಎಲ್ಲಕ್ಕಿಂತ ಮುಖ್ಯ ಕತ್ತುಪಟ್ಟಿ. ಹೊಸ ಮನೆಗೆ ಬಂದ ನಾಟಿ ನಾಯಿ ಗಾಬರಿಯಲ್ಲಿ ಹಿಂದೆ ಜಗ್ಗಿ ಪಟ್ಟಿ ಜಾರಿಸಿಕೊಂಡು ಓಡಿಬಿಡುತ್ತದೆ. ಎದೆಗೆ ಹಾಕುವ ಹಾರ್ನೆಸ್, ಕತ್ತುಪಟ್ಟಿ ಎರಡೂ ಹಾಕಿ, ಎರಡಕ್ಕೂ ಹಗ್ಗ ಸಿಕ್ಕಿಸಿ. ನಿಮ್ಮ ಫೋನ್ ನಂಬರ್ ಕೆತ್ತಿಸಿದ ಬಿಲ್ಲೆ ಕಟ್ಟಿ. ಕೀ ಮಾಡುವ ಅಂಗಡಿಯಲ್ಲಿ ವಿಚಾರಿಸಿದರೆ ಕೆತ್ತಿಕೊಡುತ್ತಾರೆ. ಭಾನುವಾರ ಅಂಗಡಿ ಇರುತ್ತದೋ ಇಲ್ಲವೋ, ಶನಿವಾರವೇ ಮಾಡಿಸಿಟ್ಟುಕೊಳ್ಳಿ.